ಒಂದು ಬೆರಳು ಇಳಿದ ಇಟ್ಟಿಗೆ ಸಾಲು

ನಮ್ಮ ಮೇಸ್ತ್ರಿಯ ಮಗಳು ಮನೆಗಳ ಮುಖ ಬರೆಯುತ್ತಾಳೆ. ಮುಖ ಅಂದರೆ ಎಲಿವೇಷನ್. ರಸ್ತೆಯಲ್ಲಿ ನಿಂತವರಿಗೆ ಮನೆ ಹೇಗೆ ಕಾಣಬೇಕು ಅನ್ನುವ ನಕ್ಷೆ. ಒಳಗಿನ ಕೋಣೆಗಳನ್ನು ಎಂಜಿನಿಯರುಗಳು ನೋಡಿಕೊಳ್ಳುತ್ತಾರೆ, ಹೊರಗಿನ ಚೆಂದ ಇವಳದು. ಅವಳು ಕಾಗದದಲ್ಲಿ ಬರೆದದ್ದನ್ನು ಗೋಡೆಗೆ ಏರಿಸುವವನು ನಾನು, ಗಾರೆ ಕೆಲಸದವನು. ಅವಳು ನನ್ನನ್ನು ಅಣ್ಣ ಅನ್ನುತ್ತಾಳೆ, ನಾನು ತಂಗಿ ಅನ್ನುತ್ತೇನೆ. ಹತ್ತೊಂಬತ್ತು ವರ್ಷದಿಂದ ಜಗಳವಾಡಿಕೊಂಡೇ ಜೊತೆಗೆ ಕೆಲಸ ಮಾಡಿದ್ದೇವೆ.

ಅವಳ ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಿರಾಕಿಗಳಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ತನ್ನ ಮನೆಗೆ ಬೂದು ಬಣ್ಣ, ಕಪ್ಪು ಚೌಕಟ್ಟಿನ ಕಿಟಕಿ, ಬಾಗಿಲ ಪಕ್ಕ ಮರದ ಪಟ್ಟಿ ಬರೆದಳು. ಚೆನ್ನಾಗಿಯೇ ಇತ್ತು. ಪಕ್ಕದ ಸೈಟಿನವರು ಬಂದು "ನಿಮ್ಮನೆ ಥರಾನೇ ಬೇಕು ಮೇಡಂ" ಅಂದರು. ಬರೆದುಕೊಟ್ಟಳು. ಅದರಾಚೆಯವರೂ ಅದನ್ನೇ ಕೇಳಿದರು, ಅವರಿಗೂ ಕೊಟ್ಟಳು. ಆರು ವರ್ಷದಲ್ಲಿ ಆ ಬೀದಿಯ ಹದಿನಾಲ್ಕು ಮನೆ ಒಂದೇ ಮುಖ ಹೊತ್ತು ನಿಂತವು. "ಏನ್ ತಂಗಿ, ಅಚ್ಚು ಒತ್ತಿದ ಹಾಗಿದೆಯಲ್ಲ" ಅಂತ ಕಿಚಾಯಿಸಿದರೆ, "ಕೇಳಿದ್ದನ್ನ ಕೊಟ್ಟೆ ಅಣ್ಣ, ನನ್ನದೇನು ತಪ್ಪು?" ಅನ್ನುತ್ತಿದ್ದಳು.

ಅವಳ ಅಪ್ಪನಿಗೆ ಮರೆವು ಶುರುವಾದಾಗ ತಪ್ಪೇನು ಅಂತ ಗೊತ್ತಾಯಿತು. ಆ ಅಪ್ಪನೇ ನಮ್ಮ ಮೇಸ್ತ್ರಿ, ನನ್ನ ಕೈಗೆ ಮೊದಲ ಸಲ ಗಾರೆ ಮೆತ್ತುವ ಕರಣೆ ಕೊಟ್ಟವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ಸಂಜೆ ಐದಕ್ಕೆ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆವರೆಗೆ ಹೋಗಿಬರುವುದೊಂದೇ ಅವರಿಗೆ ಉಳಿದಿದ್ದ ಸುಖ. ಹೋಗುವುದು ಸಲೀಸು, ಬರುವಾಗ ಮಾತ್ರ ಯಾವುದೋ ಬೂದು ಮನೆಗೆ ನುಗ್ಗುತ್ತಿದ್ದರು. ಒಂದು ದಿನ ಯಾರದೋ ಸೋಫಾದಲ್ಲಿ ಕೂತು ಮಗಳನ್ನು ಕೂಗಿ ನೀರು ಕೇಳಿದರು. ಆ ಮನೆಯಾಕೆ ಪುಣ್ಯಾತ್ಗಿತ್ತಿ, ನೀರು ಕೊಟ್ಟು ಕೈಹಿಡಿದು ಕರೆತಂದಳು. ಇನ್ನೊಂದು ದಿನ, ಹೊಸದಾಗಿ ಬಂದಿದ್ದ ಬಾಡಿಗೆಯವನು ಕಳ್ಳನೆಂದುಕೊಂಡು ತಳ್ಳಿಯೇಬಿಟ್ಟ. ಮೇಸ್ತ್ರಿ ಮೆಟ್ಟಿಲ ಮೇಲೆ ಬಿದ್ದು ಮೊಣಕೈಗೆ ಪೆಟ್ಟು ಮಾಡಿಕೊಂಡರು.

ಮರುದಿನವೇ ತಂಗಿಯ ಗಂಡ ಗೇಟಿಗೆ ಬೀಗ ಹಾಕಿದ. ಕೆಟ್ಟವನಲ್ಲ ಪಾಪ. "ಮಾವನೋರು ಎಲ್ಲಾದ್ರೂ ಕಳೆದುಹೋದ್ರೆ ಏನ್ ಗತಿ, ನೀವೇ ಹೇಳಿ" ಅಂತ ನನ್ನನ್ನು ಕೇಳಿದ. ಐದು ಗಂಟೆಗೆ ಸರಿಯಾಗಿ ಮೇಸ್ತ್ರಿ ಚಪ್ಪಲಿ ಮೆಟ್ಟಿ ಬಂದು ಗೇಟಿನ ಸರಳು ಹಿಡಿದು ನಿಂತರು. ಹೋಗುವವರನ್ನು, ಬರುವವರನ್ನು ನೋಡುತ್ತ ಕತ್ತಲಾಗುವವರೆಗೂ ನಿಂತೇ ಇದ್ದರು.

ತಂಗಿ ಗಂಡನಿಗೆ ಹೇಳಿದಳು: "ಒಂದು ತಿಂಗಳು ಟೈಮ್ ಕೊಡಿ. ಮನೆ ಮುಂಭಾಗಾನೇ ಬದಲಾಯಿಸ್ತೀನಿ. ಆಮೇಲೂ ಅಪ್ಪ ತಾವಾಗೇ ಗುರುತು ಹಿಡೀಲಿಲ್ಲ ಅಂದ್ರೆ ಬೀಗ ಇರಲಿ, ನಾನು ತುಟಿಪಿಟಕ್ ಅನ್ನಲ್ಲ."

ಕೆಲಸದ ನಡುವೆ ಮೇಸ್ತ್ರಿ ನನಗೆ ಬಣ್ಣಿಸುತ್ತಿದ್ದ, ತಾವು ಬಾಳಿದ ಮನೆಗಳನ್ನೆಲ್ಲ ನನ್ನಿಂದ ಕೇಳಿ ಬರೆದುಕೊಂಡಳು. ಅವರು ಹುಟ್ಟಿದ ಮನೆಯ ಒರಟು ಕಲ್ಲಿನ ಗೋಡೆ. ಮದುವೆಯಾದ ಹೊಸದರಲ್ಲಿದ್ದ ಕೆಂಪು ಇಟ್ಟಿಗೆಯ ಬಾಡಿಗೆ ಮನೆ. ಇವಳು ಹುಟ್ಟಿದ ಮನೆಯ ಹಸಿರು ಜೋಡಿ ಬಾಗಿಲು. ಇವಳಮ್ಮ ನಿಂತು ಗಂಡನ ದಾರಿ ಕಾಯುತ್ತಿದ್ದ ದುಂಡು ಕಿಟಕಿ. ನಾಲ್ಕೂ ಒಂದೇ ಗೋಡೆಯ ಮೇಲೆ! ನಕ್ಷೆ ನೋಡಿ ನಾನು ತಲೆ ಚಚ್ಚಿಕೊಂಡೆ. "ಇದೇನಮ್ಮ ಕಲಸುಮೇಲೋಗರ? ನೋಡಿದವರು ಏನಂದಾರು?"

"ಅನ್ನಲಿ ಬಿಡಿ. ಸಾಮಾನು ನಾಲ್ಕು ಥರ ಇರಲಿ ಅಣ್ಣ, ತೊಂದರೆಯಿಲ್ಲ. ಆದ್ರೆ ಕಲ್ಲು ಮುಗಿಯೋ ಮಟ್ಟಕ್ಕೇ ಬಾಗಿಲಿನ ತಲೆ ಬರಬೇಕು, ಅದೇ ಮಟ್ಟದಿಂದ ಕಿಟಕಿ ಏಳಬೇಕು. ಅಲ್ಲಿ ಒಂದು ಇಟ್ಟಿಗೆ ಸಾಲು, ಈ ಮೂಲೆಯಿಂದ ಆ ಮೂಲೆಗೆ. ಆ ಗೆರೆ ನೆಟ್ಟಗಿದ್ರೆ ಕಣ್ಣಿಗೆ ಎಲ್ಲಾ ಸೇರಿ ಒಂದೇ ಮನೆ ಅನ್ಸುತ್ತೆ."

ಬಣ್ಣವೂ ಮೂರೇ ಸಾಕು ಅಂದಳು: ಕಲ್ಲಿನದು, ಇಟ್ಟಿಗೆಯದು, ಬಾಗಿಲಿನದು. ಮರದ ಪಟ್ಟಿಯನ್ನು ಕೀಳಿಸಿದಳು. ಬಾಗಿಲನ್ನು ಮಾತ್ರ ಹೊಸದಾಗಿ ಮಾಡಿಸದೆ, ಒಡೆಯುತ್ತಿದ್ದ ಒಂದು ಹಳೆಯ ಮನೆಯಿಂದ ಚೌಕಟ್ಟಿನ ಸಮೇತ ತಂದಳು. ದಿನಕ್ಕೆ ಮೂರು ಸಲ ಜಗಳವಾಯಿತು. ಆದರೂ ಕಟ್ಟುತ್ತ ಕಟ್ಟುತ್ತ ಆ ಗೋಡೆ ನನಗೂ ಹಿಡಿಸತೊಡಗಿತು, ಅವಳೆದುರು ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಇಪ್ಪತ್ತಾರನೇ ದಿನ ಗೋಡೆಗೆ ಕಟ್ಟಿದ್ದ ಸಾರುವೆ ಬಿಚ್ಚಿದೆವು. ಸಂಜೆ ತಂಗಿಯೇ ಬೀಗ ತೆಗೆದು ಅಪ್ಪನನ್ನು ಕಳಿಸಿದಳು. ನಾವಿಬ್ಬರೂ ಎದುರು ಬದಿಯಲ್ಲಿ ನಿಂತು ಕಾದೆವು. ಮೇಸ್ತ್ರಿ ವಾಪಸ್ಸು ಬಂದರು, ಮನೆಯ ಮುಂದೆ ನಿಧಾನಿಸಿದರು, ಹಸಿರು ಬಾಗಿಲನ್ನು ನೋಡಿ "ಚೆನ್ನಾಗಿದೆ" ಅಂದರು. ಆಮೇಲೆ ಮುಂದೆ ಹೋಗಿ ಎರಡನೆಯ ಬೂದು ಮನೆಯ ಗೇಟಿಗೆ ಕೈ ಹಾಕಿದರು.

ಓಡಿಹೋಗಿ ಕರೆತಂದ ಮೇಲೆ ತಂಗಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. "ಅಪ್ಪನ ಇಡೀ ಬಾಳನ್ನೇ ಗೋಡೆಗೆ ಏರಿಸಿದೆ ಅಣ್ಣ. ಯಾರದೋ ಮನೆ ಅನ್ನೋ ಹಾಗೆ ಹೊಗಳಿ ಹೋದ್ರಲ್ಲ."

ಎದುರು ಬದಿಯಲ್ಲಿ ನಿಂತು ಕಾಯುವಾಗ ನನ್ನ ಕಣ್ಣಿಗೆ ಬಿದ್ದದ್ದೇ ಬೇರೆ. ಇಟ್ಟಿಗೆ ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಒಂದು ಬೆರಳು ಇಳಿದಿತ್ತು! ಎಡದಿಂದ ಮಟ್ಟದ ದಾರ ಹಿಡಿದೇ ಶುರುಮಾಡಿದ್ದೆ. ಬಾಗಿಲ ಹತ್ತಿರ ಬಂದಾಗ ದಾರ ಅಡ್ಡ ಬರುತ್ತದೆಂದು ಬಿಚ್ಚಿ, ಚೌಕಟ್ಟಿನ ತಲೆಯನ್ನೇ ಮಟ್ಟವೆಂದು ನಂಬಿ ಮುಂದೆ ಕಟ್ಟಿದ್ದೆ. ಹಳೆಯ ಮನೆಯಲ್ಲಿ ಅಷ್ಟು ವರ್ಷ ನಿಂತ ಚೌಕಟ್ಟು ಬಲಕ್ಕೆ ಕುಸಿದಿತ್ತು. ರಸಮಟ್ಟ ಇಟ್ಟು ನೋಡಲು ನನಗೇನು ರೋಗ ಬಂದಿತ್ತೋ! ನಾಚಿಕೆಯಿಂದ ತಂಗಿಗೆ ಹೇಳಲಿಲ್ಲ.

ಮರುದಿನ ಸಂಜೆ, ಅವಳು ಅಪ್ಪನ ಹಿಂದೆ ಹತ್ತು ಹೆಜ್ಜೆ ಬಿಟ್ಟು ಹೋದದ್ದನ್ನು ನೋಡಿಕೊಂಡು, ಉಳಿ ಸುತ್ತಿಗೆ ತಂದು, ಎರಡು ಡ್ರಮ್ಮಿನ ಮೇಲೆ ಹಲಗೆ ಹಾಕಿ ಹತ್ತಿದೆ. ಗೋಡೆಯ ಉದ್ದಕ್ಕೂ ಬಿಳಿ ದಾರ ಎಳೆದು ಕಟ್ಟಿದೆ. ತಪ್ಪು ಇನ್ನೂ ಎದ್ದು ಕಂಡಿತು. ಮೊದಲ ಇಟ್ಟಿಗೆಗೆ ಉಳಿ ಇಡುವಷ್ಟರಲ್ಲಿ ಬೆನ್ನ ಹಿಂದೆ ಗುಡುಗಿದಂತಾಯಿತು.

"ಏಯ್! ಕಣ್ಣೇನು ಹಣೆ ಮೇಲಿದೆಯೇನೋ? ಆ ಸಾಲು ನೋಡು, ಹೇಗೆ ಜಾರ್ತಿದೆ! ಯಾರೋ ಕಟ್ಟಿದ್ದು?"

ಮೇಸ್ತ್ರಿ ಗೇಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಆ ದನಿ ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಹಲಗೆಯಿಂದ ಇಳಿದೆ. "ನಾನೇ."

"ಯಾರು ನಿನಗೆ ಕೆಲಸ ಕಲಿಸಿದ್ದು?"

ನನ್ನ ಮುಖ ನೋಡಿಕೊಂಡೇ ಕೇಳಿದರು. ಗುರುತಿರಲಿಲ್ಲ. "ನೀವೇ ಮೇಸ್ತ್ರಿ."

"ನಾನಾ?" ಮತ್ತೆ ಸಾಲಿನ ಕಡೆ ನೋಡಿದರು. "ಹಾಗಾದ್ರೆ ನಾನೇ ಸರಿಯಾಗಿ ಹೇಳಿಕೊಟ್ಟಿಲ್ಲ, ಬಿಡು." ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಆದ್ರೂ, ಕೆಡಿಸೋಕೆ ನನ್ನ ಮನೆ ಗೋಡೇನೇ ಬೇಕಿತ್ತಾ ನಿನಗೆ? ಬಾ ಒಳಗೆ, ನೀರು ಕುಡಿ."

ತಾವೇ ಗೇಟು ತೆಗೆದು, ಹಸಿರು ಬಾಗಿಲು ತಳ್ಳಿ ಒಳಗೆ ಹೋದರು. ಹಿಂದೆಯೇ ಬಂದಿದ್ದ ತಂಗಿ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಸಾಲನ್ನು ನೋಡಿದಳು, ದಾರವನ್ನು ನೋಡಿದಳು, ನನ್ನ ಕೈಯಲ್ಲಿದ್ದ ಉಳಿಯನ್ನು ಕಿತ್ತುಕೊಂಡಳು.

"ಅದನ್ನ ಮುಟ್ಟಬೇಡಿ ಅಣ್ಣ. ದಾರಾನೂ ಬಿಚ್ಚಬೇಡಿ, ಅಪ್ಪನಿಗೆ ಜಾರಿದ್ದು ಕಾಣ್ತಾ ಇರಲಿ."

ನನ್ನ ಜನ್ಮದಲ್ಲಿ ಅಷ್ಟು ಕೆಟ್ಟ ಕೆಲಸ ಇನ್ನೊಂದು ಮಾಡಿಲ್ಲ. ಬೀದಿಗೆಲ್ಲ ಕಾಣುವ ಹಾಗೆ ನಿಂತಿದೆ. ಜೊತೆಯ ಕೆಲಸದವರು ಅದನ್ನು ತೋರಿಸಿ ನಗುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಗೇಟಿಗೆ ಬೀಗ ಮಾತ್ರ ಮತ್ತೆ ಬೀಳಲಿಲ್ಲ. ದಿನಾ ಸಂಜೆ ಮೇಸ್ತ್ರಿ ಆ ಸಾಲಿನ ಮುಂದೆ ನಿಂತು, ಕಟ್ಟಿದವನನ್ನು ಬಾಯ್ತುಂಬ ಬೈದು, ಮನೆಯೊಳಗೆ ಹೋಗುತ್ತಾರೆ.