ಈ ಶಬ್ದ ಯಾರ ಪೈಕಿ?

ನಿನ್ನೆ ಕಾರವಾರದಿಂದ ಅಂಕೋಲೆಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಲಕ್ವದ ಎಣ್ಣೆಯ ವಾಸನೆ ಬಂತು. ಬಿಸಿ ಮಾಡಿ ತಿಕ್ಕುವ ಎಣ್ಣೆ ಅದು; ಅಂಗಿ ತೊಳೆದರೂ ಹೋಗುವುದಿಲ್ಲ. ಒಮ್ಮೆ ನಿಮ್ಮ ಮನೆಗೆ ಬಂದಿದ್ದರೆ, ಆಮೇಲೆ ಎಲ್ಲಿ ಸಿಕ್ಕರೂ ನಿಮಗೆ ಗುರುತು ಹತ್ತುತ್ತದೆ. ನಾನು ಟಿಕೆಟ್ಟನ್ನು ಮಡಿಸುತ್ತ, ಬಿಡಿಸುತ್ತ ಕುಳಿತೆ. ಅಪ್ಪ ನೆನಪಾದ.

ಅಪ್ಪ ಅಂಕೋಲೆಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ. ನಮ್ಮ ಕಡೆ ಬಸ್ಸಿನಲ್ಲಿ ಯಾರಾದರೂ ಪಕ್ಕಕ್ಕೆ ಕುಳಿತರೆ ಮೊದಲು ಊರು ಕೇಳುತ್ತಾರೆ, ಮರುಗಳಿಗೆಯಲ್ಲೇ "ಯಾರ ಪೈಕಿ?" ಎನ್ನುತ್ತಾರೆ. ಗೊತ್ತಿರುವ ಯಾವುದಾದರೂ ಮನೆಗೆ ನಿಮ್ಮನ್ನು ಸೇರಿಸುವ ತನಕ ಅವರಿಗೆ ಸಮಾಧಾನವಿಲ್ಲ. ಅಪ್ಪ ಇಂಗ್ಲಿಷ್ ಶಬ್ದಗಳನ್ನೂ ಹೀಗೇ ವಿಚಾರಿಸುತ್ತಿದ್ದ. "ಬಾಯಿಪಾಠ ಮಾಡಬೇಡ ತಂಗೀ, ಯಾರ ಪೈಕಿ ಕೇಳು" ಎನ್ನುತ್ತಿದ್ದ. ಮ್ಯಾನ್ಯುವಲ್, ಮ್ಯಾನೇಜ್, ಮ್ಯಾನುಸ್ಕ್ರಿಪ್ಟ್, ಎಲ್ಲ ಲ್ಯಾಟಿನ್ನಿನ 'ಮಾನುಸ್', ಅಂದರೆ 'ಕೈ'ಯ ಮನೆಯವು. ಒಬ್ಬನ ಗುರುತಾದರೆ ಉಳಿದವರು ತಾವಾಗಿ ಮಾತಾಡಿಸುತ್ತಾರಂತೆ. ನಾನು ಜಾಣತನ ತೋರಿಸಲು, "ಹಾಗಾದ್ರೆ ಮ್ಯಾನ್ ಕೂಡ ಕೈ ಪೈಕಿಯೇ?" ಎಂದೆ. ಅಪ್ಪ ಕೆಮ್ಮು ಬರುವಷ್ಟು ನಕ್ಕ. "ಅಡ್ಡಹೆಸರು ಒಂದೇ ಆದ್ರೆ ಒಂದೇ ಮನೆಯವ್ರಾಗ್ತಾರಾ? ಹಾಂಗಾದ್ರೆ ಅಗಸೂರಿಂದ ಶೆಟಗೇರಿ ತನಕ ಎಲ್ಲರೂ ನಿನ್ನ ಕಾಕಂದಿರೇ!"

ಇಷ್ಟು ಮಾತಾಡುವ ಮನುಷ್ಯ ಒಂದು ಬೆಳಿಗ್ಗೆ ಚಾ ಕಪ್ಪು ಎತ್ತಲು ಹೋಗಿ ಎತ್ತಲಾರದೆ ಕುಳಿತುಬಿಟ್ಟ. ಎರಡು ಸಾವಿರದ ಇಸವಿ ದಾಟಿದ ಹೊಸತು, ನಾನು ಬಿ.ಎ. ಓದುತ್ತಿದ್ದೆ. ಕಪ್ಪು ಉರುಳಿತು. ಅಪ್ಪ ನನ್ನನ್ನು ನೋಡಿದ, ಬಾಯಿ ತೆರೆದ, ಶಬ್ದ ಬರಲಿಲ್ಲ. ಆ ನೋಟವನ್ನು ನಾನು ಈವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ. ಇಲ್ಲೂ ಹೇಳಲಾರೆ.

ಕಾರವಾರದ ಆಸ್ಪತ್ರೆಯಲ್ಲಿ ಕೆಲವು ದಿನಗಳ ಮೇಲೆ ಒಂದೊಂದು ಶಬ್ದ ಬರತೊಡಗಿತು. ನೀರು. ಚಾ. ಸಾಕು. ಡಾಕ್ಟರು ಮಂಚದ ಅಂಚಿನಲ್ಲಿ ಕುಳಿತು, "ಮಾಸ್ತರ್ರೇ, ನಿಮ್ಮ ಹೆಂಡ್ತಿ ಹೆಸರು ಹೇಳಿ ನೋಡುವಾ" ಎಂದರು. ಆಯಿಯ ಹೆಸರು ಮೀನಾಕ್ಷಿ. ಅವಳು ಅಲ್ಲೇ ನಿಂತಿದ್ದಳು. ಅಪ್ಪ ಅವಳನ್ನು ನೋಡಿ, ಗೋಡೆಯ ಕಡೆ ತಿರುಗಿದ. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೆಂಡತಿಯ ಹೆಸರೂ ಅಳಿಸಿಹೋದಂತಿದೆ ಎಂದರು.

ಆಯಿಗೆ ಹೇಳಿದರೆ ಅವಳು ನಕ್ಕಳು. "ಅವ್ರು ನನ್ನ ಹೆಸ್ರು ಹಿಡ್ದು ಕರ್ದದ್ದು ಯಾವಾಗ? ಮದುವೆ ಊಟದಲ್ಲಿ ಹೆಂಡ್ತಿ ಹೆಸ್ರು ಸೇರ್ಸಿ ಒಡಪು ಹೇಳಿ ಅಂದ್ರೆ ಎಲೆ ಬಿಟ್ಟು ಎದ್ದೋದ ಜನ! ಡಾಕ್ಟ್ರಿಗೆ ಎಂತ ಗೊತ್ತು?"

ನಿಜ. ನಮ್ಮ ಮನೆಯಲ್ಲಿ ಆಯಿ ಎಂದರೆ ಅಪ್ಪನಿಗೆ 'ಇವಳೇ', ಅಪ್ಪ ಎಂದರೆ ಆಯಿಗೆ 'ಕೇಳ್ತ್ರಾ'. ಇಬ್ಬರೂ ಒಬ್ಬರ ಹೆಸರನ್ನು ಒಬ್ಬರು ಬಾಯಲ್ಲಿ ತಂದವರಲ್ಲ. ಆದರೆ ಅಂದು ಬಟ್ಟೆ ತರಲು ಅಂಕೋಲೆಗೆ ಹೋಗುವಾಗ, ಬಸ್ಸು ಅರ್ಧ ದಾರಿ ದಾಟಿದ ಮೇಲೆ, ಆಯಿ ನನ್ನ ಕಡೆ ನೋಡದೆ ಕೇಳಿದಳು: "ಕರೀದೆ ಇರುದು ಬೇರೆ. ಮರ್ತೇ ಹೋಗಿದ್ರೆ, ತಂಗೀ?"

ನಾನು ಕೈಯಲ್ಲಿದ್ದ ಟಿಕೆಟ್ಟನ್ನು ಮಡಿಸಿದೆ, ಬಿಡಿಸಿದೆ.

ಮನೆಗೆ ಬಂದ ಮೇಲೆ ಆಯಿ ದಿನವೂ ಅಪ್ಪನ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಎದುರು ಕುಳಿತು ಅಪ್ಪನ ಪಾಠವನ್ನು ಅಪ್ಪನಿಗೇ ಮಾಡುತ್ತಿದ್ದೆ. ಎಂಥ ಮಾಸ್ತರಿಕೆ ನೋಡಿ: ಬೇರೆ ದಾರಿ ತಿಳಿಯದವಳ ಹಟ, ಅಷ್ಟೆ. ಹೆಚ್ಚಿನ ದಿನ ಏನು ಕೇಳಿದರೂ "ಚಾ" ಎಂಬ ಉತ್ತರ. ಬೇಸರವಾದರೆ ಅಪ್ಪ ಕಣ್ಣು ಮುಚ್ಚುತ್ತಿದ್ದ. ನಾನು ಚಾ ಮಾಡಿ ತರುತ್ತಿದ್ದೆ.

ಒಂದು ಸಂಜೆ ಸೆಕೆ. ಅಪ್ಪ ಎಡಗೈಯಿಂದ ಕಿಟಕಿ ತೋರಿಸಿದ. ತೆರೆದೆ. ಸಮುದ್ರದ ಕಡೆಯ ಗಾಳಿ ಒಳಗೆ ಬಂತು. ಸುಮ್ಮನೆ ಕೇಳಿದೆ: "ವಿಂಡೋ. ಯಾರ ಪೈಕಿ ಅಪ್ಪಾ?"

"ಗಾಳಿ" ಎಂದ ಅಪ್ಪ. ಬಹಳ ಹೊತ್ತಿನ ಮೇಲೆ, "ಕಣ್ಣು."

ಸರಿಯೇ. ಯುರೋಪಿನ ಉತ್ತರದ ಕಡಲಿನ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂದ ಶಬ್ದ, ಗಾಳಿಯ ಕಣ್ಣು. ನಾನು ಬಿಡದೆ ಕೇಳಿದೆ: "ಡೇಸಿ? ಹೂವು, ಅಪ್ಪಾ."

"ದಿನದ... ಕಣ್ಣು."

ಬೆಳಗಾದರೆ ಅರಳಿ ಸಂಜೆಗೆ ಮುಚ್ಚುವ ಹೂವಿಗೆ ಹಳೆಯ ಇಂಗ್ಲಿಷಿನವರು ಇಟ್ಟ ಹೆಸರು. ಮೂರನೆಯದಕ್ಕೆ ನಾನು ತಡಕಾಡುತ್ತಿದ್ದೆ. ಆಯಿ ಗಂಜಿಯ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಅಪ್ಪ ಅವಳ ಕಡೆ ಎಡಗೈ ಎತ್ತಿ, ನಾನು ಕೇಳದೆಯೇ, ಹೇಳಿದ:

"ಮೀನಿನ... ಕಣ್ಣು."

ಪಾಠ ತಪ್ಪಿತೆಂದೇ ನಾನು ತಿಳಿದೆ. "ಅದು ಇಂಗ್ಲಿಷಲ್ಲ ಅಪ್ಪಾ" ಎಂದೆ.

ಆಯಿ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟಳು. "ನಿಂಗೆ ಸುಮ್ನಿರುಕೆ ಬರುದಿಲ್ವೇನೆ?" ಎಂದು ನನ್ನನ್ನು ಗದರಿ, ಅಪ್ಪನ ಕಡೆ ತಿರುಗಿದಳು. "ಈಗ್ಲೂ ಹೆಸ್ರು ಹಿಡೀಲಿಲ್ಲ ಅಲ್ಲಾ! ಎಂಥಾ ಹಟವೋ!" ಅಷ್ಟು ಹೇಳಿ ಒಳಗೆ ಹೋದಳು. ಅಡಿಗೆಮನೆಯಲ್ಲಿ ಬಹಳ ಹೊತ್ತು ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ.

ಮುಂದಿನ ಸಲ ಕಾರವಾರಕ್ಕೆ ಹೋದಾಗ ಡಾಕ್ಟರು ಮತ್ತೆ ಹೆಂಡತಿಯ ಹೆಸರು ಕೇಳಿದರು. ಅಪ್ಪ ಮತ್ತೆ ಗೋಡೆ ನೋಡಿದ. ಡಾಕ್ಟರು ಬೇಸರದಿಂದ ತಲೆಯಾಡಿಸಿದರು. ಆಯಿ ನಗು ತಡೆಯಲಾರದೆ ವರಾಂಡಕ್ಕೆ ಹೋದಳು.

ಅಪ್ಪನಿಗೆ ಆಮೇಲೂ ಮಾತು ಪೂರ್ತಿ ಮರಳಲಿಲ್ಲ. "ಕಡೆಗಾದರೂ ಗುಣವಾಯ್ತಾ?" ಎಂದು ಕೇಳಿದವರಿಗೆ ಇಷ್ಟು ವರ್ಷ ನಾನು "ಇಲ್ಲ" ಎಂದೇ ಹೇಳುತ್ತ ಬಂದಿದ್ದೆ. ನಿನ್ನೆ ಅಂಕೋಲೆಯಲ್ಲಿ ಬಸ್ಸಿಳಿದು ನಡೆಯುವಾಗ, ಯಾರಾದರೂ ಎದುರು ಸಿಕ್ಕಿ ಅದನ್ನೇ ಇನ್ನೊಮ್ಮೆ ಕೇಳಬಾರದೇ ಅನಿಸಿತು. ಆಯಿಗೆ ಬೇಕಾದಷ್ಟು ಗುಣವಾಯ್ತು ಎಂದು ಹೇಳಬಹುದಿತ್ತು.