ಮುಖವಾಡದ ಮುಂದಿನ ಗೋಡೆ

ಕೈಯಲ್ಲಿ ಮಾಡಿದ ಸಾಮಾನಿನ ಫೋಟೋ ತೆಗೆಯುವವರು ಯಾರಾದರೂ ‘ಹಿಂದೆ ಒಂದು ಹಳೇ ಗೋಡೆ ಇದ್ದಿದ್ದರೆ ಚೆನ್ನಾಗಿತ್ತು’ ಎಂದರೆ ಸಾಕು, ಇವತ್ತಿಗೂ ನನ್ನ ಮೈಯೆಲ್ಲ ಉರಿದುಹೋಗುತ್ತದೆ. ಹಳೇ ಗೋಡೆಯಂತೆ! ಮಳೆಗಾಲದಲ್ಲಿ ಅದರ ಪಕ್ಕ ಮಲಗಿದವರನ್ನು ಕೇಳಿ, ಹಳೇ ಗೋಡೆಯ ಚಂದ ಹೇಳುತ್ತಾರೆ. ಇಷ್ಟು ವರ್ಷವಾದರೂ ಈ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ದೇವದುರ್ಗದಲ್ಲಿ ನಮ್ಮವ್ವ ಮುಖವಾಡ ಮಾಡುತ್ತಿದ್ದಳು. ಹುಲಿ, ಕರಡಿ, ರಾಕ್ಷಸ. ಹಳೇ ಪೇಪರು ನೆನೆಹಾಕಿ, ಹುಣಸೆಬೀಜದ ಅಂಟು ಕಲಸಿ, ಮಣ್ಣಿನ ಅಚ್ಚಿನ ಮೇಲೆ ಪದರ ಪದರವಾಗಿ ಹಚ್ಚಿ ಒಣಗಿಸುವುದು, ಆಮೇಲೆ ಬಣ್ಣ. ಮಾನ್ವಿ ಕಡೆಯ ಬಯಲಾಟದವರು, ಮೊಹರಮ್ಮಿಗೆ ಹುಲಿವೇಷ ಹಾಕುವವರು ಬಂದು ಒಯ್ಯುತ್ತಿದ್ದರು. ಕಣ್ಣಿನ ತೂತು ಕೊರೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಕೊರೆದ ಕೂಡಲೇ ಅವ್ವ ಅದನ್ನು ತನ್ನ ಮುಖಕ್ಕೆ ಹಿಡಿದು ಏನಾದರೂ ಒಳ್ಳೆಯದನ್ನು ನೋಡುತ್ತಿದ್ದಳು. ಹಚ್ಚಿದ ದೀಪವೋ, ತುಂಬಿದ ಕೊಡವೋ, ಹಾಲು ಕುಡಿಯುವ ಕರುವೋ. ಅಜ್ಜಿಯಿಂದ ಬಂದ ಪದ್ಧತಿ. ಮುಖವಾಡ ಮೊದಲು ಒಳ್ಳೆಯದನ್ನು ನೋಡಿದರೆ, ಮುಂದೆ ಅದನ್ನು ಹಾಕಿಕೊಂಡವರಿಗೂ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ. ನಾವು ಅದನ್ನು ‘ಮೊದಲ ನೋಟ’ ಎನ್ನುತ್ತಿದ್ದೆವು.

ಆದರೆ ವರ್ಷವಿಡೀ ಹುಲಿವೇಷ ಹಾಕುವವರು ಯಾರು? ಎಂಬತ್ತರ ದಶಕದ ಶುರುವಿನಲ್ಲಿ ಒಂದು ಬೇಸಿಗೆ ಅವ್ವ ಓಣಿಯವರ ಜೊತೆ ಬೊಂಬಾಯಿಗೆ ಕಟ್ಟಡದ ಕೆಲಸಕ್ಕೆ ಹೋದಳು. ವಾಪಸು ಬಂದಾಗ ಸಿಮೆಂಟು ಅವಳ ಬೆರಳ ತುದಿಗಳನ್ನು ತಿಂದುಹಾಕಿತ್ತು. ಆರು ತಿಂಗಳು ಕುಂಚ ಹಿಡಿಯಲಾಗಲಿಲ್ಲ. ಇನ್ನೊಂದು ಸಲ ಹೋದರೆ ಆ ಬೆರಳುಗಳ ಕಥೆ ಮುಗಿದಂತೆಯೇ. ಆಗ ನಾನು ರಾಯಚೂರಿನಲ್ಲಿ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದೆ. ಅವಳು ಮತ್ತೆ ಆ ಬಸ್ಸು ಹತ್ತಬಾರದೆಂದು ಎರಡು ಮುಖವಾಡ ಚೀಲದಲ್ಲಿಟ್ಟುಕೊಂಡು ಅಂಗಡಿ ಅಂಗಡಿ ತಿರುಗಿದೆ.

ಕೊನೆಗೆ ಒಬ್ಬ ಅಂಗಡಿಕಾರ ಒಪ್ಪಿದ. ಕೈಕೆಲಸದ ಸಾಮಾನುಗಳನ್ನು ದೊಡ್ಡ ಪಟ್ಟಣಗಳಿಗೆ ಕಳಿಸುವವನು. ತಾನೇ ಬಂದು ಬಣ್ಣದ ಫೋಟೋ ತೆಗೆಯುತ್ತೇನೆ, ಅವು ಅಲ್ಲಿಯವರಿಗೆ ಹಿಡಿಸಿದರೆ ವರ್ಷವಿಡೀ ಕೆಲಸ ಎಂದ. “ಚಲೋ ಜಾಗಾ ನೋಡಿ ಜೋಡಿಸಿಟ್ಟಿರು ಅಂತ ನಿಮ್ಮವ್ವಗ ಹೇಳು ತಂಗಿ” ಎಂದ. ನಾನು ಹಾಗೆಯೇ ಕಾರ್ಡು ಬರೆದೆ. ಚಲೋ ಜಾಗ ಎಂದರೆ ಯಾವುದೆಂದು ಬಿಡಿಸಿ ಬರೆಯಬೇಕೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಅವನು ಬರುತ್ತೇನೆಂದಿದ್ದ ಭಾನುವಾರ ನಾನು ಹತ್ತಿದ ಬಸ್ಸು ಮಸರಕಲ್ಲಿನಲ್ಲಿ ಕೆಟ್ಟು ನಿಂತಿತು. ನಾನು ಮನೆ ಮುಟ್ಟುವಷ್ಟರಲ್ಲಿ ಅಂಗಡಿಕಾರ ತನ್ನ ಜೀಪಿನಲ್ಲಿ ಬಂದು ಅರ್ಧ ಕೆಲಸ ಮುಗಿಸಿದ್ದ.

ನೋಡುತ್ತೇನೆ, ನಮ್ಮ ಮನೆಯ ಗೋಡೆ ಹೊಸ ಸುಣ್ಣದಲ್ಲಿ ಹೊಳೆಯುತ್ತಿದೆ. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಬಾಗಿಲಲ್ಲಿ ರಂಗೋಲಿ, ಎರಡು ತುಂಬಿದ ಕೊಡ, ಹಾಡಹಗಲಲ್ಲಿ ಹಚ್ಚಿಟ್ಟ ದೀಪ. ಆದರೆ ಅಲ್ಲಿ ಒಂದೇ ಒಂದು ಮುಖವಾಡ ಇಲ್ಲ! ಅವೆಲ್ಲ ಎದುರುಗಡೆ, ಕುಸಿದ ದನದ ಕೊಟ್ಟಿಗೆಯ ಗೋಡೆಗೆ ಒರಗಿ, ತಿಪ್ಪೆಯ ಮಗ್ಗುಲಲ್ಲಿ ಸಾಲಾಗಿ ಕೂತಿವೆ. ಅಂಗಡಿಕಾರ ನಮ್ಮ ಮನೆಗೆ ಬೆನ್ನು ಹಾಕಿ, ರಂಗೋಲಿ ತುಳಿದುಕೊಂಡೇ ಕ್ಯಾಮೆರಾ ಹಿಡಿದು ನಿಂತಿದ್ದಾನೆ.

“ಯವ್ವಾ, ಹೋಗಿ ಹೋಗಿ ತಿಪ್ಪಿ ಬಾಜೂಕ ಇಟ್ಟೀಯಲ್ಲ!” ಎಂದು ಚೀರಿದೆ.

ಅವ್ವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. “ತಿಪ್ಪಿ ಅವುಗಳ ಬೆನ್ನಿಗಿ ಅದ. ಅವು ನೋಡಾಕತ್ತಿದ್ದು ನಮ್ಮ ಮನಿ ಅಲ್ಲೇನು? ಮೂರು ದಿನ ಸುಣ್ಣಾ ಹಚ್ಚೀನಿ” ಎಂದಳು.

ಮುಖವಾಡದ ಹಿಂದೆ ಏನಿದ್ದರೇನು, ಅದರ ಕಣ್ಣಿನ ಮುಂದೆ ಒಳ್ಳೆಯದಿರಬೇಕು. ಜೀವಮಾನವಿಡೀ ಅವಳು ಮಾಡಿದ್ದು ಅದನ್ನೇ. ಫೋಟೋದಲ್ಲಿ ಬರುವುದು ಬೆನ್ನ ಹಿಂದಿನದು ಎಂದು ಅವಳಿಗೆ ಯಾರು ಹೇಳಿದ್ದರು?

“ನಿಮ್ಮವ್ವ ಭಾರಿ ಜಾಣಿ ಬಿಡು ತಂಗಿ! ಇಂಥಾ ಜಾಗಾ ನಾ ಹುಡುಕಿದ್ರೂ ಸಿಗ್ತಿದ್ದಿಲ್ಲ” ಎಂದು ಅಂಗಡಿಕಾರ ನಕ್ಕ.

“ನೀವು ಈ ಕಡಿ ತಿರುಗ್ರಿ. ಎಲ್ಲಾ ತಂದು ಸುಣ್ಣದ ಗ್ವಾಡಿಗಿ ಇಡ್ತೀನಿ.”

“ಸುಣ್ಣದ ಗ್ವಾಡಿ ಯಾರಿಗಿ ಬೇಕಾಗ್ಯದ? ಹಿಂದ ಬಡತನ ಕಾಣಬೇಕು, ಆಗ ಮಾಲು ಹೋಗ್ತದ. ನಿಮ್ಮವ್ವನೂ ನಡುವ ಕೂಡ್ಲಿ. ಈ ಹೊಸಾ ಸೀರಿ ಬ್ಯಾಡ, ಹರಕು ಇದ್ರ ಉಡಸು.”

ಅವನ ಬಾಯಿಗೆ ಮಣ್ಣು ಹಾಕ! ಕ್ಯಾಮೆರಾ ಕಸಿದು ಅದೇ ತಿಪ್ಪೆಗೆ ಒಗೆಯಬೇಕೆನಿಸಿತು. ಅವ್ವ ಅವನತ್ತ ನೋಡಲಿಲ್ಲ, ನನ್ನನ್ನೇ ನೋಡಿದಳು. ಮಗಳು ಓದಿದವಳು, ಇವನಿಗೆ ತಕ್ಕ ಉತ್ತರ ಕೊಡುತ್ತಾಳೆ ಎಂದು ಕಾದಳು. ನಾನು ಅವಳ ಬೆರಳು ನೋಡಿದೆ. ಉಗುರಿನ ಬುಡದಲ್ಲಿ ಹೊಸ ಚರ್ಮ ಇನ್ನೂ ಕೆಂಪಾಗಿತ್ತು.

ಒಳಗೆ ಹೋಗಿ, ಬೊಂಬಾಯಿಯಲ್ಲಿ ಉಟ್ಟಿದ್ದ, ಸಿಮೆಂಟಿನ ಕಲೆಯ ಹರಕು ಸೀರೆಯನ್ನು ಹುಡುಕಿ ತಂದುಕೊಟ್ಟೆ.

ಅವ್ವ ಸೀರೆ ಬದಲಿಸಿ ಬಂದು ತಿಪ್ಪೆಯ ಬದಿಗೆ ಕೂತಳು. “ನಗಬ್ಯಾಡವ್ವಾ” ಎಂದ ಅವನು. ಅವಳೆಲ್ಲಿ ನಗುತ್ತಿದ್ದಳು, ಮೂಳ!

ಆ ಫೋಟೋ ಪಟ್ಟಣದವರಿಗೆ ಬಹಳ ಹಿಡಿಸಿತಂತೆ. ತಿಂಗಳೊಳಗೆ ಆರ್ಡರು ಬಂತು. ಆ ವರ್ಷ ಬೊಂಬಾಯಿಯ ಬಸ್ಸು ಅವ್ವನನ್ನು ಬಿಟ್ಟು ಹೋಯಿತು, ಮುಂದಿನ ವರ್ಷವೂ ಅಷ್ಟೇ. ಬೆರಳು ಉಳಿದವು. ನಾನು ಗೆದ್ದೆನೆಂದೇ ತಿಳಿದಿದ್ದೆ.

ಆ ಮೊದಲ ವರ್ಷವೇ ದಸರಾ ರಜೆಗೆ ಮನೆಗೆ ಹೋದಾಗ ಅವ್ವ ಅಂಗಳದಲ್ಲಿ ಕೂತು ಕಣ್ಣು ಕೊರೆಯುತ್ತಿದ್ದಳು. ಒಂದನ್ನು ಕೊರೆದಳು, ಪಕ್ಕಕ್ಕೆ ಒಗೆದಳು. ಇನ್ನೊಂದನ್ನು ಎತ್ತಿಕೊಂಡಳು, ಕೊರೆದಳು, ಒಗೆದಳು. ಯಾವುದನ್ನೂ ಮುಖಕ್ಕೆ ಹಿಡಿಯಲಿಲ್ಲ. ದೀಪವಿಲ್ಲ, ಕೊಡವಿಲ್ಲ. ಗೋಡೆಯ ಸುಣ್ಣ ಉದುರುತ್ತಿತ್ತು.

“ಯವ್ವಾ, ಮೊದಲ ನೋಟ ನೋಡಂಗಿಲ್ಲೇನು?” ಎಂದು ಕೇಳಿದೆ.

ಅವ್ವ ಆಗಷ್ಟೇ ಕೊರೆದ ಹುಲಿಯನ್ನು ನನ್ನ ಮಡಿಲಿಗೆ ಎಸೆದಳು.

“ನೀನೇ ನೋಡು. ಸೀರಿ ತಂದು ಕೊಟ್ಟಾಕಿ ನೀನಲ್ಲೇನು?”