ಭಾನುವಾರ ಐದು ಗಂಟೆಗೆ ಬರುತ್ತಿದ್ದ ಮಾವ

ನಮ್ಮ ಮಾವ ನಂಜೇಗೌಡರು ಮೊಮ್ಮಗಳ ಬೆರಳು ಹಿಡಿದು ನಡೆದವರಲ್ಲ. ಮಣಿಕಟ್ಟನ್ನೇ ಹಿಡಿಯುತ್ತಿದ್ದರು, ಸಂತೆಯಲ್ಲಿ ಕರುವಿನ ಹಗ್ಗ ಹಿಡಿದ ಹಾಗೆ. ಭಾನುವಾರ ಸಂಜೆ ಹಾಸನದ ಬಸ್ ನಿಲ್ದಾಣದಲ್ಲಿ ಇಳಿದ ಮೇಲೂ, ನಾನು ಇಂಚರಳ ಇನ್ನೊಂದು ಕೈ ಹಿಡಿಯುವವರೆಗೆ ಬಿಡುತ್ತಿರಲಿಲ್ಲ. "ಇಡ್ಕಂಡ್ಯಾ?" ಎಂದು ಕೇಳುವರು. "ಹಿಡ್ಕೊಂಡೆ ಮಾವ" ಎಂದರೂ ನನ್ನ ಕೈಯನ್ನೊಮ್ಮೆ ನೋಡಿಯೇ ಬಿಡುವರು. ಮಗಳ ಕೈಮೇಲೆ ಅವರ ಬೆರಳಿನ ಗುರುತು ಕೆಂಪಗೆ ಉಳಿದಿರುತ್ತಿತ್ತು. ಎರಡು ದಿನ ಬಿಗಿಹಿಡಿದ ಉಸಿರನ್ನು ಬಿಡುವ ಹೊತ್ತಿನಲ್ಲಿ ಅದಕ್ಕೆಲ್ಲ ಯಾರ ಮೇಲೆ ಸಿಟ್ಟಾಗುವುದು!

ನಾನೂ ಅವರ ಮಗ ರವಿಯೂ ಬೇರೆಯಾಗಿ ಮೂರು ವರ್ಷ. ಇಂಚರಳಿಗೆ ಈಗ ಏಳು. ಕೇಸು ಮುಗಿಯುವವರೆಗೆ ಮಗು ನನ್ನ ಬಳಿ ಇರಲಿ, ಎರಡನೇ ಮತ್ತು ನಾಲ್ಕನೇ ಶನಿವಾರ ತಂದೆಯ ಮನೆಗೆ ಹೋಗಿ ಭಾನುವಾರ ಸಂಜೆ ಐದಕ್ಕೆ ಮರಳಲಿ ಎಂದು ಕೋರ್ಟು ಹೇಳಿತು. ಕಳಿಸಿದರೆ ರವಿ ವಾಪಸು ತರುವುದಿಲ್ಲ, ನನಗೆ ಭಯ ಎಂದು ನಾನು ನಿಂತಲ್ಲೇ ಹೇಳಿದೆ. ಅವನ ವಕೀಲರು ಎದ್ದರು, ನನ್ನ ವಕೀಲರೂ ಎದ್ದರು, ಮಾತಿಗೆ ಮಾತು ಬೆಳೆಯಿತು. ಆಗ ಹಿಂದಿನ ಬೆಂಚಿನಿಂದ ಮಾವ ಎದ್ದು ನಿಂತರು. "ಮಗೀನ ನಾನ್ ಕರ್ಕಂಡೋಗಿ ನಾನೇ ತಂದ್ ಬುಡ್ತೀನಿ ಸಾ. ನನ್ ಎಸ್ರು ಬರ್ಕಳಿ." ಯಾರೂ ಅವರನ್ನು ಕೇಳಿರಲಿಲ್ಲ. ನ್ಯಾಯಾಧೀಶರು ಆದೇಶದಲ್ಲಿ ಅವರ ಹೆಸರನ್ನೇ ಬರೆಸಿದರು. ಆಗ ರವಿ ಅಪ್ಪನನ್ನು ನೋಡಿದ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮಾವ ನನ್ನ ಪಕ್ಷ ಎಂದು ನಾನು ಹಿಗ್ಗಿದೆ. ದಡ್ಡಿ ನಾನು. ರವಿಯ ವಿರುದ್ಧ ಸಾಕ್ಷಿ ಹೇಳಿ ಎಂದು ಕೇಳಿದ್ದಕ್ಕೆ ಮುಖ ಮುರಿದಂತೆ ಅಂದರು: "ಆಗಾಕಿಲ್ಲ ಕಣವ್ವ. ಅವ್ನು ನನ್ ಮಗ. ಅವ್ನ್ಗೂ ಮಗೀನ್ ಮ್ಯಾಲೆ ಆಸೆ, ನಿಂಗೂ ಆಸೆ. ಇಬ್ರೂ ಎಳ್ದಾಡುದ್ರೆ ತೋಳು ನೋಯಾದು ಯಾರ್ಗೆ ಏಳು?" ಮಗನ ಬಗ್ಗೆ ಒಂದು ಕೆಟ್ಟ ಮಾತು ಅವರ ಬಾಯಿಂದ ನಾನು ಕೇಳಲಿಲ್ಲ. ತಮ್ಮೂರು ದಂಡಿಗನಹಳ್ಳಿಗೆ ಹೋದರೆ ನನ್ನ ಬಗ್ಗೆಯೂ ಆಡುತ್ತಿರಲಿಲ್ಲವಂತೆ.

ಹೋದ ವರ್ಷ ಒಂದು ಭಾನುವಾರ ಐದಾಯಿತು, ಆರಾಯಿತು. ಬಸ್ಸುಗಳು ಬಂದವು, ಖಾಲಿಯಾದವು. ರವಿ ಫೋನ್ ಎತ್ತಲಿಲ್ಲ, ಮಾವನದು ಸ್ವಿಚ್ ಆಫ್. ಕೆಂಪು ಫ್ರಾಕು ತೊಟ್ಟ ಹುಡುಗಿ ಯಾರೇ ಇಳಿದರೂ ಓಡಿಹೋಗಿ ಮುಖ ನೋಡಿದೆ. ಇಷ್ಟು ದಿನ ನಂಬಿಸಿ ಕೈಕೊಟ್ಟರು ಎಂದುಕೊಂಡೆ. ಪೊಲೀಸ್ ಠಾಣೆಗೆ ಹೋಗಿ, ಗಂಡನ ಜೊತೆ ಮಾವನೂ ಸೇರಿ ಮಗುವನ್ನು ಬಚ್ಚಿಟ್ಟಿದ್ದಾರೆ ಎಂದು ಬರೆದುಕೊಟ್ಟೆ.

ಅರ್ಜಿ ಓದಿ ಮುಗಿಯುವ ಮೊದಲೇ ಯಾರದೋ ನಂಬರಿನಿಂದ ಫೋನ್ ಬಂತು. "ಎಲ್ಲಿದ್ದೀಯವ್ವ? ಬಸ್‌ಸ್ಟ್ಯಾಂಡಲ್ಲಿ ನಿಂತಿವ್ನಿ." ಠಾಣೆ ಎಂದೆ. ಆಟೋ ಹಿಡಿದು ಅಲ್ಲಿಗೇ ಬಂದರು. ಇಂಚರಳ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ರವಿ ಅವಳನ್ನು ಹಿಂದಿನ ಸಂಜೆಯೇ ಅರಕಲಗೂಡಿನ ತನ್ನ ತಂಗಿಯ ಮನೆಗೆ ಸಾಗಿಸಿದ್ದನಂತೆ, ಅಲ್ಲೇ ಸ್ಕೂಲಿಗೆ ಸೇರಿಸುವ ಲೆಕ್ಕಾಚಾರ. ಮಾವ ಬೆಳಿಗ್ಗೆ ಬಸ್ಸು ಹತ್ತಿ ಅಲ್ಲಿಗೆ ಹೋದರು. ಜಗಳವಾಡಲಿಲ್ಲ. ಮಗಳ ಮನೆಯ ಜಗಲಿಯ ಮೇಲೆ ಕೂತರು. ಕೈಕಾಲಿಗೆ ನೀರು ತಂದರೆ ಮುಟ್ಟಲಿಲ್ಲ, ಊಟಕ್ಕೆ ಕರೆದರೆ ಏಳಲಿಲ್ಲ. ನಮ್ಮ ಕಡೆ ಹೆತ್ತ ಅಪ್ಪ ಮಗಳ ಬಾಗಿಲಲ್ಲಿ ಹಾಗೆ ಕೂತರೆ ಬೀದಿಯೇ ಬಂದು ನೋಡುತ್ತದೆ. ಐದರವರೆಗೆ ತಡೆದ ನಾದಿನಿ, ಕೊನೆಗೆ ಅಳುತ್ತಾ, ಅಣ್ಣನಿಗೂ ಹೇಳದೆ ಮಗುವನ್ನು ತಂದು ಒಪ್ಪಿಸಿದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅರ್ಜಿ ಹರಿದುಹಾಕಿ ಸಾರ್" ಎಂದೆ. ಮಾವ ತಡೆದರು. "ಅದ್ಯಾಕೆ ಅರಿಯಾದು? ನಾನ್ ಒಪ್ಕಂಡಿದ್ದು ಐದ್ ಗಂಟೆ. ಈಗ ಏಳಾಗೈತೆ. ನೀನ್ ಎದ್ರುಕಂಡಿದ್ದು ಸರಿ ಕಣವ್ವ." ಬೆಳಿಗ್ಗೆಯಿಂದ ಬರಿಹೊಟ್ಟೆಯಲ್ಲಿದ್ದ ಮನುಷ್ಯ ಆಡಿದ ಮಾತು ಅದು. ಅವತ್ತು ನಾನು ಆ ಠಾಣೆಯಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.

ಕೊನೆಯ ಸಲ ಬಂದಾಗ ಬಹಳ ಕೆಮ್ಮುತ್ತಿದ್ದರು. ಮನೆಗೆ ಬಂದು ಕಾಫಿ ಕುಡಿಯಿರಿ ಎಂದೆ. "ಬಸ್ಸೈತೆ, ಇನ್ನೊಂದ್ ಸಲ ಬತ್ತೀನಿ" ಎಂದು ಹೊರಟರು. ಹತ್ತೇ ದಿನ, ಎದೆನೋವೆಂದು ಮಲಗಿದವರು ಏಳಲಿಲ್ಲ.

"ಅವರು ಹೋದರೂ ಆದೇಶ ಹಾಗೇ ಇರುತ್ತದಮ್ಮ, ಕಳಿಸದಿದ್ದರೆ ತಪ್ಪು ನಿಮ್ಮದಾಗುತ್ತೆ" ಎನ್ನುತ್ತಾರೆ ನನ್ನ ವಕೀಲರು. ಬದಲಾವಣೆ ಕೋರಿ ಹಾಕಿದ ಅರ್ಜಿ ಮುಂದಿನ ವಾರ ವಿಚಾರಣೆಗೆ ಬರುತ್ತದಂತೆ. ಎರಡನೇ ಶನಿವಾರ ಸೂತಕದಲ್ಲೇ ಕಳೆಯಿತು, ಇವತ್ತೇ ನಾಲ್ಕನೇ ಶನಿವಾರ. ಬೆಳಿಗ್ಗೆ ರವಿ ತಾನೇ ಕಾರು ತಂದಿದ್ದ. ಅಪ್ಪನಿಗಾಗಿ ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ನೋಡಿ ಕರುಳು ಚುರ್ ಎಂದಿತು, ಆದರೂ ಹೆದರಿಕೆ ಇಳಿಯಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತ ಇಂಚರ ಕೇಳಿದಳು: "ಅಮ್ಮ, ನಾಳೆ ನನ್ನ ಯಾರು ಕರ್ಕೊಂಡ್ ಬರ್ತಾರೆ?"

ಉತ್ತರ ರವಿ ಹೇಳಲಿ ಎಂದು ಅವನ ಮುಖ ನೋಡಿದೆ. ಅವನು ಕಾರಿನ ಬಾಗಿಲು ಹಾಕಿದ.